ಮಾರಿದ್ದೂ ನಾನೇ, ಕೊಂಡಿದ್ದೂ ನಾನೇ: ಎರಡು ಮನೆಗಳ ಅನುಭವ

ಹಾಸನದಲ್ಲಿದ್ದ ಅಪ್ಪನ ಮನೆಯನ್ನು 2025ರ ಸೆಪ್ಟೆಂಬರ್‌ನಲ್ಲಿ ಮಾರಿದೆವು. ಅದೇ ಡಿಸೆಂಬರ್‌ನಲ್ಲಿ ನಾನೂ ನಮ್ಮ ಯಜಮಾನರೂ ಸೇರಿ ಮೈಸೂರಿನ ಬೋಗಾದಿ ಕಡೆ ಒಂದು ಹಳೇ ಮನೆ ಕೊಂಡೆವು. ನಾಲ್ಕೇ ತಿಂಗಳಲ್ಲಿ ಮಾರುವವಳೂ ನಾನೇ, ಕೊಳ್ಳುವವಳೂ ನಾನೇ. ಮನೆ ಕೊಳ್ಳುವಾಗ ಏನು ನೋಡಬೇಕು ಅಂತ ನನಗೆ ಕಲಿಸಿದವರು ಬ್ರೋಕರ್ ಅಲ್ಲ, ವಕೀಲರೂ ಅಲ್ಲ. ನಮ್ಮ ಮನೆ ಕೊಳ್ಳಲು ಬಂದ ಒಬ್ಬ ರಿಟೈರ್ಡ್ ಮೇಷ್ಟ್ರು. ಮೂರು ತಿಂಗಳು ಅವರು ನನ್ನ ತಲೆ ತಿಂದರು. ನಾಲ್ಕನೇ ತಿಂಗಳಲ್ಲಿ ನಾನು ಇನ್ನೊಬ್ಬರ ತಲೆ ತಿಂದೆ.

ಅವರು ಮೊದಲ ಸಲ ಬಂದಿದ್ದು ಜೂನ್‌ನಲ್ಲಿ, ಜೋರು ಮಳೆ. ಕೊಡೆ ಹಿಡಿದು ಗೇಟಿನ ಹತ್ತಿರ ನಿಂತಿದ್ದರು. "ಮಳೆ ಬರ್ತಿದೆ ಸರ್, ನಾಳೆ ಬನ್ನಿ, ಆರಾಮಾಗಿ ನೋಡಬಹುದು" ಅಂದೆ. "ಮಳೆ ಬರ್ತಿದೆ ಅಂತಲೇ ಬಂದೆ ಕಣಮ್ಮ" ಅಂದರು. ಒಳಗೆ ಬಂದವರು ಹಾಲ್ ನೋಡಲಿಲ್ಲ, ಅಡುಗೆಮನೆ ನೋಡಲಿಲ್ಲ, ಸೀದಾ ತಾರಸಿಗೆ ಹೋದರು. ನೀರು ಎಲ್ಲಿ ನಿಲ್ಲುತ್ತದೆ, ಪೈಪಿನ ಬಾಯಿ ಕಡೆಗೆ ಹರಿಯುತ್ತದಾ ಇಲ್ಲಾ ಮೂಲೆಯಲ್ಲಿ ಕೊಳದ ಹಾಗೆ ಉಳಿಯುತ್ತದಾ ಅಂತ ಕುಕ್ಕರಗಾಲಲ್ಲಿ ಕೂತು ಹತ್ತು ನಿಮಿಷ ನೋಡಿದರು. ಕೆಳಗಿಳಿದು ಜೇಬಿನಿಂದ ಎರಡು ರೂಪಾಯಿ ನಾಣ್ಯ ತೆಗೆದು ಗೋಡೆಯನ್ನು ಅಲ್ಲಲ್ಲಿ ಟಕ್ ಟಕ್ ಅಂತ ಕುಟ್ಟಿದರು. ಗಾರೆ ಗಟ್ಟಿಯಾಗಿದ್ದರೆ ಶಬ್ದ ಗಟ್ಟಿ. ಒಳಗೆ ಬಿಟ್ಟುಕೊಂಡಿದ್ದರೆ ಟೊಳ್ಳು ಶಬ್ದ. ನನಗೆ ಒಳಗೊಳಗೇ ಸಿಟ್ಟು. ನಾನು ಹುಟ್ಟಿ ಬೆಳೆದ ಮನೆಯನ್ನು ಯಾರೋ ಬಂದು ತೆಂಗಿನಕಾಯಿ ಕುಟ್ಟಿ ನೋಡಿದ ಹಾಗೆ ನೋಡಿದರೆ ಹೇಗಿರುತ್ತೆ?

ತಾರಸಿ ವಿಷಯದಲ್ಲಿ ನನ್ನದೇ ಒಂದು ತಪ್ಪಿತ್ತು, ಅದನ್ನು ಅವರು ಎರಡು ನಿಮಿಷದಲ್ಲಿ ಹಿಡಿದರು. 2021ರಲ್ಲಿ ಅಮ್ಮ ಒಬ್ಬರೇ ಇದ್ದಾಗ ದೇವರಮನೆ ಮೂಲೆ ಸೋರುತ್ತಿತ್ತು. ನಾನು ಮೈಸೂರಿನಿಂದಲೇ ಫೋನ್ ಮಾಡಿ ಯಾರನ್ನೋ ಕರೆಸಿ ತಾರಸಿಗೆ ವಾಟರ್‌ಪ್ರೂಫ್ ಕೋಟಿಂಗ್ ಹೊಡೆಸಿದ್ದೆ. ಅವರು ಪಾಚಿ ಕೂಡ ಸರಿಯಾಗಿ ಉಜ್ಜದೆ ಅದರ ಮೇಲೇ ಬಳಿದು ಹೋಗಿದ್ದರು. ಒಂದೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದುಬಂತು. ಮೇಷ್ಟ್ರು ಆ ಸಿಪ್ಪೆಯನ್ನು ಬೆರಳಲ್ಲಿ ಎಬ್ಬಿಸಿ, "ಗಾಯ ತೊಳೀದೆ ಪೌಡರ್ ಹಾಕಿದ ಹಾಗಿದೆಯಲ್ಲಮ್ಮ" ಅಂದರು. ನಿಜ ಏನೆಂದರೆ ಅಲ್ಲಿ ಕೋಟಿಂಗ್ ಬೇಕಾಗೇ ಇರಲಿಲ್ಲ. ನೀರು ಹೋಗುವ ಪೈಪಿನ ಬಾಯಿ ಸುತ್ತ ಗಾರೆ ಬಿರುಕು ಬಿಟ್ಟಿತ್ತು, ಬಾಯಿಗೆ ಎಲೆ ಕಟ್ಟಿಕೊಂಡು ನೀರು ನಿಲ್ಲುತ್ತಿತ್ತು, ನಿಂತ ನೀರು ಬಿರುಕಿಗೆ ಇಳಿಯುತ್ತಿತ್ತು. ಒಂದು ಬಾಂಡಲಿ ಗಾರೆ, ಅರ್ಧ ದಿನದ ಕೂಲಿ, ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲಿ ಒಂದು ಸಲ ತಾರಸಿ ಗುಡಿಸುವುದು. ಇಷ್ಟರಲ್ಲಿ ಮುಗಿಯುವ ಕೆಲಸಕ್ಕೆ ನಾನು ಇಪ್ಪತ್ತೆರಡು ಸಾವಿರ ಸುರಿದಿದ್ದೆ.

ಇನ್ನು ಕಾಗದ ಪತ್ರ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಹಾಗೆ ಅಪ್ಪ ಅಮ್ಮನ ಮನೆ ಮಾರಲು ಹೊರಟವರು ಬಹಳ ಜನ ಇದ್ದಾರೆ, ಎಲ್ಲರೂ ಎಡವುವುದು ಇಲ್ಲೇ.

ಅಪ್ಪ ಸೈಟು ತಗೊಂಡಿದ್ದು 1983ರಲ್ಲಿ, ಮನೆ ಕಟ್ಟಿದ್ದು 1985ರಲ್ಲಿ. ತೀರಿಕೊಂಡಿದ್ದು 2019ರಲ್ಲಿ, ವಿಲ್ ಬರೆದಿರಲಿಲ್ಲ. 2022ರಲ್ಲಿ ಅಮ್ಮನೂ ಹೋದರು. ಆಮೇಲೂ ಮೂರು ವರ್ಷ ಖಾತೆ ಅಪ್ಪನ ಹೆಸರಲ್ಲೇ ಇತ್ತು. ಪ್ರತಿ ಏಪ್ರಿಲ್‌ನಲ್ಲಿ ಶೇ 5ರ ರಿಯಾಯಿತಿ ಸಿಗುತ್ತದೆ ಅಂತ ಅಪ್ಪನ ಹೆಸರಲ್ಲೇ ಕಂದಾಯ ಕಟ್ಟಿ, ರಶೀದಿಯನ್ನು ಜೋಪಾನವಾಗಿ ಫೈಲಿಗೆ ಹಾಕಿ, ಎಲ್ಲಾ ಸರಿಯಾಗಿದೆ ಅಂದುಕೊಂಡಿದ್ದೆವು. ಕಂದಾಯ ರಶೀದಿಯಿಂದ ಮನೆ ನಮ್ಮದಾಗುವುದಿಲ್ಲ. ಖಾತೆಯಿಂದಲೂ ಆಗುವುದಿಲ್ಲ. ಕಂದಾಯ ಯಾರಿಂದ ವಸೂಲಿ ಮಾಡಬೇಕು ಅಂತ ಬರೆದಿಟ್ಟ ದಾಖಲೆ ಖಾತೆ. ಹಕ್ಕು ಬರುವುದು ಕ್ರಯಪತ್ರದಿಂದ, ಇಲ್ಲವೇ ವಾರಸಿನಿಂದ. ಹಾಗಂತ ಖಾತೆ ಬಿಟ್ಟರೂ ನಡೆಯಲ್ಲ, ಈಗ ಊರೊಳಗಿನ ಆಸ್ತಿಗೆ ಇ-ಖಾತೆ ಇಲ್ಲದೆ ನೋಂದಣಿಯೇ ಆಗುವುದಿಲ್ಲ.

ಹಾಗಾಗಿ ಮೊದಲು ಅಪ್ಪ ಅಮ್ಮ ಇಬ್ಬರ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಆಮೇಲೆ ಮೂರು ಮಕ್ಕಳ ಹೆಸರಿಗೆ ಜಂಟಿ ಖಾತೆ, ಆಮೇಲೆ ಇ-ಖಾತೆ. ಜನವರಿಯಲ್ಲಿ ಶುರು ಮಾಡಿದ್ದು ಮೇ ಕೊನೆಗೆ ಕೈಗೆ ಬಂತು. ಕೊಳ್ಳುವವರನ್ನು ಹುಡುಕುವ ಮೊದಲೇ ಇದನ್ನು ಮುಗಿಸಿಕೊಂಡಿದ್ದು ನಾವು ಮಾಡಿದ ಒಂದೇ ಒಂದು ಜಾಣತನ. ಅಡ್ವಾನ್ಸ್ ತಗೊಂಡ ಮೇಲೆ ಖಾತೆಗೆ ಓಡಾಡುವವರ ಪಾಡು ಬೇಡ.

ಇದರ ಮಧ್ಯೆ ಒಂದು ಮನಸ್ತಾಪ. ನಮ್ಮ ಅಕ್ಕನ ಮದುವೆ 1992ರಲ್ಲಿ ಆಗಿದ್ದು. ನೆಂಟರಲ್ಲಿ ಒಬ್ಬರು, ಎಲ್ಲಾ ತಿಳಿದವರ ಹಾಗೆ, "1994ಕ್ಕಿಂತ ಮುಂಚೆ ಮದುವೆಯಾದ ಹೆಣ್ಣುಮಕ್ಕಳಿಗೆ ಪಾಲು ಬರಲ್ಲ, ದೊಡ್ಡವಳ ಸಹಿ ಬೇಕಾಗಿಲ್ಲ" ಅಂದುಬಿಟ್ಟರು. ಅಕ್ಕ ಎರಡು ವಾರ ಫೋನ್ ಎತ್ತಲಿಲ್ಲ. ಅವರು ಹೇಳಿದ 1994 ಇರುವುದು ನಿಜ. ಆ ವರ್ಷ ಕರ್ನಾಟಕದಲ್ಲಿ ಜಾರಿಗೆ ಬಂದ ತಿದ್ದುಪಡಿ ಅದು, ಆಮೇಲೆ 2005ರಲ್ಲಿ ಇಡೀ ದೇಶಕ್ಕೆ ಇನ್ನೊಂದು ಬಂತು. ಆದರೆ ಅವೆರಡೂ ಪಿತ್ರಾರ್ಜಿತ ಆಸ್ತಿಯ ಮಾತು. ನಮ್ಮದು ಅಪ್ಪ ಸ್ವಂತ ಸಂಬಳದಲ್ಲಿ ತಗೊಂಡ ಸ್ವಯಾರ್ಜಿತ ಆಸ್ತಿ. ವಿಲ್ ಇಲ್ಲದೆ ತಂದೆ ಹೋದರೆ ಅಂಥ ಆಸ್ತಿ ಹೆಂಡತಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ, ಅಜ್ಜಿ ಬದುಕಿದ್ದರೆ ಅವರಿಗೂ ಸಮಪಾಲು. ಇದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಾಗಿನಿಂದಲೂ ಹೀಗೇ ಇದೆ. ವಕೀಲರು ಇದನ್ನು ಹೇಳಿದ ಮೇಲೆ ನಾನೇ ದಾವಣಗೆರೆಗೆ ಹೋಗಿ ಅಕ್ಕನ ಮುಂದೆ ಕೂತು ಮಾತಾಡಿ ಬಂದೆ. ಫೋನಲ್ಲಿ ಸರಿಹೋಗುವ ವಿಷಯ ಅಲ್ಲ ಅದು.

ಆಮೇಲೆ ಇಸಿ, ಅಂದರೆ ಋಣಭಾರ ಪತ್ರ, ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ 2004ರ ಏಪ್ರಿಲ್‌ನಿಂದ ಈಚೆಗಿನದು ಮನೆಯಲ್ಲಿ ಕೂತೇ ಸಿಗುತ್ತದೆ. ನಾವು ಅದನ್ನು ತೆಗೆದೆವು, ಯಾವ ವ್ಯವಹಾರವೂ ಇಲ್ಲದ ಫಾರಂ 16 ಬಂತು, ಖುಷಿಯಾಗಿ ಮೇಷ್ಟ್ರ ಕೈಗೆ ಕೊಟ್ಟೆವು. ಅವರ ವಕೀಲರು ಅದನ್ನು ನೋಡಿ, "ನಿಮ್ಮಪ್ಪ ಸೈಟು ತಗೊಂಡಿದ್ದು 83ರಲ್ಲಿ, ಇದು 2004ರಿಂದ. ಮಧ್ಯದ ಇಪ್ಪತ್ತೊಂದು ವರ್ಷ ಯಾರು ಹೇಳ್ತಾರೆ?" ಅಂದರು. ಹಳೆಯದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅರ್ಜಿ ಹಾಕಿ ಪುಸ್ತಕ ಹುಡುಕಿಸಬೇಕು. ಹುಡುಕಿಸಿದಾಗ ಸಿಕ್ಕಿತು ನೋಡಿ: 1991ರಲ್ಲಿ ಅಪ್ಪ ಒಂದು ಸಹಕಾರ ಸಂಘದಿಂದ 40,000 ರೂಪಾಯಿ ಸಾಲ ತಗೊಂಡು ಮನೆಯನ್ನು ಅಡಮಾನ ಮಾಡಿದ್ದರು. ನಮಗೆ ಯಾರಿಗೂ ಗೊತ್ತೇ ಇರಲಿಲ್ಲ. ಬಹುಶಃ ಮೇಲಿನ ರೂಮು ಕಟ್ಟಿಸಿದ್ದು ಅದರಲ್ಲೇ ಇರಬೇಕು.

ಅಪ್ಪನ ಟ್ರಂಕು ತೆಗೆದು ಕೂತೆವು. ಕಂತು ಕಟ್ಟಿದ ರಶೀದಿಗಳೆಲ್ಲ ಇದ್ದವು, ದಾರದಲ್ಲಿ ಪೋಣಿಸಿ ಕಟ್ಟಿಟ್ಟಿದ್ದರು. ಕೊನೆಯದು 1999ರದ್ದು. ಸಾಲ ತೀರಿದೆ. ಆದರೆ ತೀರಿದೆ ಅಂತ ಅಡಮಾನವನ್ನು ಬಿಡುಗಡೆ ಮಾಡಿದ ಪತ್ರ ನೋಂದಣಿ ಆಗಿಲ್ಲ. ಪುಸ್ತಕದ ಪ್ರಕಾರ ಮನೆ 34 ವರ್ಷದಿಂದ ಇನ್ನೂ ಅಡಮಾನದಲ್ಲೇ ಇತ್ತು. ಆ ಸಂಘ ಈಗ ಬೇರೆ ಸಂಘದ ಜೊತೆ ಸೇರಿಹೋಗಿದೆ. ಅಲ್ಲಿಗೆ ಹೋದರೆ "ಹಳೇ ಲೆಡ್ಜರ್ ಗೋಡೌನಲ್ಲಿದೆ, ಮುಂದಿನ ವಾರ ಬನ್ನಿ". ಮುಂದಿನ ವಾರ ಹೋದರೆ "ಸೆಕ್ರೆಟರಿ ರಜೆ". ಆ ದಾರದ ಕಟ್ಟು ಇಲ್ಲದಿದ್ದರೆ ನಾವು ಇನ್ನೂ ಅಲ್ಲೇ ಓಡಾಡುತ್ತಿದ್ದೆವೇನೋ. ಆಗಸ್ಟ್ ಕೊನೆಯಲ್ಲಿ ಬಿಡುಗಡೆ ಪತ್ರ ಆಯಿತು.

ಅಷ್ಟರಲ್ಲಿ ಸರ್ಕಾರ ನೋಂದಣಿ ಶುಲ್ಕವನ್ನು ಶೇ 1ರಿಂದ ಶೇ 2ಕ್ಕೆ ಏರಿಸಿತು. 2025ರ ಆಗಸ್ಟ್ 31ರಿಂದ ಜಾರಿ. ನಮ್ಮ ರಿಜಿಸ್ಟ್ರೇಷನ್ ಸೆಪ್ಟೆಂಬರ್ ಮೊದಲ ವಾರ. ವ್ಯವಹಾರ ಕುದುರಿದ್ದು 54 ಲಕ್ಷಕ್ಕೆ, ಅಂದರೆ ಮೇಷ್ಟ್ರಿಗೆ ಬರೀ ತಡವಾಗಿದ್ದಕ್ಕೆ 54,000 ರೂಪಾಯಿ ಜಾಸ್ತಿ. ಫೋನ್ ಮಾಡಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಪ್ಪು ನಿಮ್ಮದು ಅಂತ ಹೇಳಲ್ಲಮ್ಮ, ಆದ್ರೆ ನನ್ನದಂತೂ ಅಲ್ಲ" ಅಂದರು. ಅರ್ಧ ನಾವು ಕೊಟ್ಟೆವು, 27,000. ಕೊಡಬೇಕಾದ್ದೇ. ನೀವು ಸಾಲ ತೀರಿಸಿದ್ದರೆ ಇವತ್ತೇ ಹೋಗಿ ಅದರ ಬಿಡುಗಡೆ ಪತ್ರ ಇಸಿಯಲ್ಲಿ ಬಂದಿದೆಯಾ ನೋಡಿ. ಈಗಂತೂ ರಿಸರ್ವ್ ಬ್ಯಾಂಕ್ ನಿಯಮವೇ ಇದೆ, 2023ರ ಡಿಸೆಂಬರ್‌ನಿಂದ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ಪತ್ರ ವಾಪಸ್ ಕೊಟ್ಟು ನೋಂದಣಿಯಾದ ಋಣವನ್ನೂ ತೆಗೆಸಬೇಕು, ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು.

ತಮ್ಮ ಇರುವುದು ಜರ್ಮನಿಯಲ್ಲಿ. ಅವನು ಬರುವ ಹಾಗಿರಲಿಲ್ಲ, ಮ್ಯೂನಿಕ್‌ನ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಣ ಮಾಡಿಸಿ ನನ್ನ ಹೆಸರಿಗೆ ಪವರ್ ಆಫ್ ಅಟಾರ್ನಿ ಕಳಿಸಿದ. ಹೊರದೇಶದಲ್ಲಿ ಬರೆದ ಪತ್ರ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು, ಕೊರಿಯರ್ ಕವರ್ ಬಿಸಾಡಬೇಡಿ, ಬಂದ ತಾರೀಕಿಗೆ ಅದೇ ಸಾಕ್ಷಿ. ಇದು ಸುಲಭವಾಗೇ ಆಯಿತು. ಕಷ್ಟ ಆಗಿದ್ದು ತೆರಿಗೆಯಲ್ಲಿ.

50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಮನೆಯಾದರೆ ಕೊಳ್ಳುವವರು ಶೇ 1 ಟಿಡಿಎಸ್, ಅಂದರೆ ಮಾರುವವರ ಪರವಾಗಿ ಬೆಲೆಯಲ್ಲೇ ಹಿಡಿಯುವ ತೆರಿಗೆ, ಹಿಡಿದು ಕಟ್ಟಬೇಕು ಅನ್ನುವುದು ಈಗ ಎಲ್ಲರಿಗೂ ಗೊತ್ತು. ನಾವು ಮಾರಿದಾಗ ಅದಕ್ಕೆ 26ಕ್ಯೂಬಿ ಅನ್ನುವ ಫಾರಂ ಇತ್ತು. ನಮ್ಮದು ಮೂರು ಪಾಲು, ತಲಾ 18 ಲಕ್ಷ. ಪಾಲು 50 ಲಕ್ಷಕ್ಕಿಂತ ಕಮ್ಮಿ ಅಂತ ತಪ್ಪಿಸಿಕೊಳ್ಳುವ ಹಾಗಿಲ್ಲ, ಒಟ್ಟು ಬೆಲೆಯನ್ನೇ ನೋಡುತ್ತಾರೆ. ಅಕ್ಕನ ಪಾಲಿಗೆ 18,000, ನನ್ನ ಪಾಲಿಗೆ 18,000, ಬೇರೆ ಬೇರೆ ಫಾರಂ. ತಮ್ಮನ ಪಾಲಿಗೆ ಇದು ಅನ್ವಯವೇ ಆಗಲ್ಲ. ಅವನು ಅನಿವಾಸಿ, ಅವನಿಗೆ ಶೇ 12.5 ಮತ್ತು ಅದರ ಮೇಲೆ ಸೆಸ್, ಒಟ್ಟು ಶೇ 13. ಕಮ್ಮಿ ಹಿಡಿಯಿರಿ ಅಂತ ಇಲಾಖೆಯಿಂದ ಮೊದಲೇ ಸರ್ಟಿಫಿಕೇಟ್ ತಂದಿದ್ದರೆ ಸರಿ, ಇಲ್ಲದಿದ್ದರೆ ಕೊಳ್ಳುವವರು ಪೂರ್ತಿ 18 ಲಕ್ಷದ ಮೇಲೇ ಹಿಡಿಯುತ್ತಾರೆ. ನಾವು ತಂದಿರಲಿಲ್ಲ. 2,34,000 ಹೋಯಿತು. ಅದನ್ನು ಕಟ್ಟಲು ಮೇಷ್ಟ್ರು ಟ್ಯಾನ್, ಅಂದರೆ ತೆರಿಗೆ ಹಿಡಿದು ಕಟ್ಟುವವರು ಮಾಡಿಸುವ ನಂಬರ್ ಬೇರೆ ಮಾಡಿಸಬೇಕಾಯಿತು. ಪಿಂಚಣಿಯಲ್ಲಿ ಬದುಕುವ ಮನುಷ್ಯ, ಕಂಪನಿಯವರ ಹಾಗೆ 27ಕ್ಯೂ ಫಾರಂ ತುಂಬಿದರು, ಪಾಪ. ಮನೆ ಮಾರುವವರಲ್ಲಿ ಒಬ್ಬರು ಹೊರದೇಶದಲ್ಲಿದ್ದರೆ ಅದನ್ನು ಮೊದಲ ದಿನವೇ ಕೊಳ್ಳುವವರಿಗೆ ಹೇಳಿ. ನಾವು ಅಗ್ರಿಮೆಂಟ್ ದಿನ ಹೇಳಿದ್ದು.

ಇನ್ನು ಮಾರಿದ್ದಕ್ಕೆ ನಮ್ಮ ತೆರಿಗೆ. ವಾರಸಿನಿಂದ ಬಂದ ಮನೆಗೆ ಅಪ್ಪನ ಖರ್ಚೇ ನಮ್ಮ ಖರ್ಚು. 2001ಕ್ಕಿಂತ ಹಳೆಯದಾದ್ದರಿಂದ 2001ರ ಏಪ್ರಿಲ್ 1ರ ಬೆಲೆಯನ್ನು ತಗೊಳ್ಳಬಹುದು. ನೋಂದಾಯಿತ ವ್ಯಾಲ್ಯುಯರ್ ವರದಿ ಮಾಡಿಸಿದೆವು, 9 ಲಕ್ಷ ಬಂತು, ಒಬ್ಬೊಬ್ಬರಿಗೆ 3 ಲಕ್ಷ. ಈಗ ಲೆಕ್ಕ ನೋಡಿ. ಹಾಗೇ ಕಳೆದರೆ ಲಾಭ 15 ಲಕ್ಷ, ಶೇ 12.5ರಂತೆ 1,87,500. ಹಣದುಬ್ಬರದ ಸೂಚ್ಯಂಕ ಹಾಕಿದರೆ, 2001-02ಕ್ಕೆ 100 ಇದ್ದದ್ದು 2025-26ಕ್ಕೆ 376, ಆ 3 ಲಕ್ಷ 11.28 ಲಕ್ಷ ಆಗುತ್ತದೆ, ಲಾಭ ಬರೀ 6.72 ಲಕ್ಷ, ಶೇ 20ರಂತೆ 1,34,400. ಎರಡರಲ್ಲೂ ಸೆಸ್ ಬೇರೆ. 2024ರ ಜುಲೈ 23ಕ್ಕಿಂತ ಮುಂಚಿನ ಆಸ್ತಿಯಾದರೆ ಯಾವುದು ಕಮ್ಮಿಯೋ ಅದನ್ನು ಕಟ್ಟಬಹುದು. ಆದರೆ ಈ ಅನುಕೂಲ ಇಲ್ಲಿ ವಾಸ ಇರುವವರಿಗೆ ಮಾತ್ರ. ಅಕ್ಕನಿಗೆ ಸಿಕ್ಕಿತು, ತಮ್ಮನಿಗೆ ಸಿಗಲಿಲ್ಲ. ನಾನು ಎರಡು ವರ್ಷದೊಳಗೆ ಬೇರೆ ಮನೆ ಕೊಂಡಿದ್ದರಿಂದ ಸೆಕ್ಷನ್ 54ರಲ್ಲಿ ನನಗೆ ತೆರಿಗೆಯೇ ಬರಲಿಲ್ಲ. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್, ಫಾರಂ ನಂಬರುಗಳೆಲ್ಲ ಬದಲಾಗಿವೆ, ನನ್ನ ನಂಬರ್ ಹಿಡಿದು ಹೋಗಬೇಡಿ, ಆಡಿಟರ್ ಹತ್ತಿರ ಕೂತು ನಿಮ್ಮ ಲೆಕ್ಕ ಹಾಕಿಸಿ.

ಅಕ್ಟೋಬರ್‌ನಿಂದ ನಾವು ಮೈಸೂರಿನಲ್ಲಿ ಮನೆ ಹುಡುಕಲು ಶುರು ಮಾಡಿದೆವು. ಮೊದಲ ಮನೆಗೇ ನಾನು ಎರಡು ರೂಪಾಯಿ ನಾಣ್ಯ ಹಿಡಿದು ಹೋದೆ. ನಮ್ಮ ಯಜಮಾನರಿಗೆ ನಾಚಿಕೆ. "ಏನೇ ಇದು, ಆ ಮೇಷ್ಟ್ರ ದೆವ್ವ ಹಿಡಿದಿದೆಯಾ ನಿಂಗೆ" ಅಂದರು.

ಒಂಬತ್ತು ಮನೆ ನೋಡಿದೆವು. ಒಂದು ಬಹಳ ಇಷ್ಟವಾಗಿತ್ತು, ಗಾಳಿ ಬೆಳಕು ಚೆನ್ನಾಗಿತ್ತು, ಹಿಂದೆ ಒಂದು ಕರಿಬೇವಿನ ಗಿಡ. ಮಾರುವವರು ಇಪ್ಪತ್ತು ಲಕ್ಷ ನಗದು ಕೊಡಿ, ಉಳಿದಿದ್ದಕ್ಕೆ ರಿಜಿಸ್ಟರ್ ಮಾಡೋಣ ಅಂದರು. ಶುಲ್ಕ ಉಳಿಯುತ್ತದೆ ಅಂತ ಬ್ರೋಕರ್ ಕೂಡ ತಲೆಯಾಡಿಸಿದ. ಬೇಡ ಅಂದೆ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಂಡರೆ ತಗೊಂಡವರಿಗೆ ಅಷ್ಟೇ ದಂಡ. ಅದಿರಲಿ, ನನ್ನ ಕೈಲಿದ್ದದ್ದು ಅಪ್ಪನ ಮನೆಯ ದುಡ್ಡು, ಪೂರ್ತಿ ಬ್ಯಾಂಕಿನಲ್ಲಿ ಬಂದಿದ್ದು, ಅದನ್ನು ಕಪ್ಪು ಮಾಡಿ ಕೊಟ್ಟರೆ ನಾಳೆ ನಾನು ಮಾರುವಾಗ ಆ ಇಪ್ಪತ್ತು ಲಕ್ಷ ಕೊಂಡ ಲೆಕ್ಕದಲ್ಲೇ ಇರುವುದಿಲ್ಲ, ಅದರ ಮೇಲೂ ತೆರಿಗೆ ನಾನೇ ಕಟ್ಟಬೇಕು. ಕರಿಬೇವಿನ ಗಿಡ ಹೋಯಿತು.

ಕೊನೆಗೆ ಕೊಂಡಿದ್ದು 20×30 ಸೈಟಿನಲ್ಲಿರುವ ಹದಿನೆಂಟು ವರ್ಷದ ಮನೆ. ಗಂಡ ಹೆಂಡತಿ ಇಬ್ಬರ ಹೆಸರಲ್ಲಿತ್ತು, ಮಗನ ಜೊತೆ ಬೇರೆ ಊರಿಗೆ ಹೋಗುವವರು, ಮನೆ ಆಗಲೇ ಖಾಲಿ. ಒಳಗೆ ಹೋದಾಗ ಎಲ್ಲಾ ಕಡೆ ಹಳೇ ಬಣ್ಣ, ಕೆಳಗಿನ ಬೆಡ್‌ರೂಮಿನ ಒಂದು ಗೋಡೆಗೆ ಮಾತ್ರ, ಅದೂ ಸೊಂಟದ ಮಟ್ಟಕ್ಕೆ, ಹೊಸ ಬಣ್ಣ. ಆ ಗೋಡೆಯ ಆಚೆ ಬಚ್ಚಲು. ಮುಟ್ಟಿದರೆ ತಣ್ಣಗಿತ್ತು. "ಚಳಿಗಾಲ ಅಲ್ವಾ ಮೇಡಂ, ಗೋಡೆ ತಂಪಿರುತ್ತೆ" ಅಂದ ಬ್ರೋಕರ್.

ಕೀ ಕೇಳಿ ಇಸ್ಕೊಂಡೆವು. ಒಂದು ಅಡಿ ಚದರದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಆ ಗೋಡೆಗೆ ಹಚ್ಚಿ ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪ್ ಅಂಟಿಸಿದೆ. ಒಂದು ದಿನ ಬಿಟ್ಟು ನೋಡಬೇಕು. ಹಾಳೆಯ ಮೇಲೆ, ಅಂದರೆ ರೂಮಿನ ಕಡೆ ನೀರಿನ ಹನಿ ಕೂತಿದ್ದರೆ ಅದು ರೂಮಿನ ಗಾಳಿಯ ತೇವ, ಕಿಟಕಿ ತೆಗೆದರೆ ಹೋಗುತ್ತದೆ. ಹಾಳೆಯ ಹಿಂದೆ, ಗೋಡೆಯ ಕಡೆ ಹನಿ ಇದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಮಾರನೇ ದಿನ ಹೋದರೆ ಹಾಳೆಯ ಹಿಂದೆ ಹನಿಗಳು ಒಂದಕ್ಕೊಂದು ಸೇರಿ ಕೆಳಗಿನ ಟೇಪಿನ ಮೇಲೆ ಗೆರೆ ಕಟ್ಟಿಕೊಂಡು ನಿಂತಿದ್ದವು.

ನೀರು ಬರುತ್ತಿದೆ ಸರಿ, ಎಲ್ಲಿಂದ? ಮೊದಲು ಎಲ್ಲಾ ನಲ್ಲಿ ನಿಲ್ಲಿಸಿ ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ ಬಂದೆವು. ರಾತ್ರಿ ಕಳೆದರೂ ಮಟ್ಟ ಇಳಿದಿರಲಿಲ್ಲ, ಹಾಗಾಗಿ ಪೈಪು ಒಡೆದಿಲ್ಲ. ಆಮೇಲೆ ಬಚ್ಚಲಿನ ನೀರು ಹೋಗುವ ತೂತಿಗೆ, ಅಂದರೆ ನಾನಿ ಟ್ರ್ಯಾಪಿಗೆ, ಒದ್ದೆ ಬಟ್ಟೆ ಬಿಗಿಯಾಗಿ ತುರುಕಿ, ನೆಲದ ಮೇಲೆ ಎರಡಿಂಚು ನೀರು ನಿಲ್ಲಿಸಿ ಟೈಲಿನ ಮೇಲೆ ಪೆನ್ಸಿಲ್ ಗೆರೆ ಎಳೆದೆವು. ಸಂಜೆಗೆ ಅರ್ಧ ಇಂಚು ಇಳಿದಿತ್ತು. ಟ್ರ್ಯಾಪ್ ಸುತ್ತ ನೆಲದ ಜೋಡಣೆ ಬಿಟ್ಟಿದೆ ಅಂತ ಅಲ್ಲಿಗೆ ಗೊತ್ತಾಯಿತು. ಈ ಪರೀಕ್ಷೆಗಳಿಗೆಲ್ಲ ಖರ್ಚಾಗಿದ್ದು ಒಂದು ಟೇಪು, ಒಂದು ಹಳೇ ಟವೆಲು. ಮಾರುವವರು 70 ಲಕ್ಷ ಅಂದಿದ್ದರು. ಅವರನ್ನು ಕರೆದು ಪ್ಲಾಸ್ಟಿಕ್ ಹಾಳೆ ತೋರಿಸಿದೆ. ಬಯ್ಯಲಿಲ್ಲ, ಜಗಳ ಆಡಲಿಲ್ಲ, ತೋರಿಸಿದೆ ಅಷ್ಟೇ. 68ಕ್ಕೆ ಬಂದರು.

ಪತ್ರದ ವಿಷಯದಲ್ಲಿ ಈ ಸಲ ನಾವೇ ಮೇಷ್ಟ್ರು. ಕ್ರಯಪತ್ರದ ಚಕ್ಕುಬಂದಿ ಓದಿಕೊಂಡು ಪೂರ್ವಕ್ಕೆ ಯಾರ ಮನೆ, ಉತ್ತರಕ್ಕೆ ಯಾವ ರಸ್ತೆ ಅಂತ ನಿಂತು ನೋಡಿ, ಟೇಪ್ ಹಿಡಿದು ಸೈಟು ಅಳೆದೆವು. ಇಸಿ, ಲೇಔಟ್ ಆದಾಗಿನಿಂದ ತೆಗೆಸಿದೆವು. ಇಸಿಯಲ್ಲಿ ರಿಜಿಸ್ಟರ್ ಆದದ್ದು ಮಾತ್ರ ಕಾಣುತ್ತದೆ ಅನ್ನುವುದು ನೆನಪಿರಲಿ. ಛಾಪಾ ಕಾಗದದ ಮೇಲೆ ಸುಮ್ನೆ ಬರೆದುಕೊಂಡ ಅಗ್ರಿಮೆಂಟ್, ರಿಜಿಸ್ಟರ್ ಆಗದ ವಿಲ್ ಅದರಲ್ಲಿ ಬರಲ್ಲ. ಅದಕ್ಕೇ ಮೂಲಪತ್ರ ಕಣ್ಣಾರೆ ನೋಡಬೇಕು, ಜೆರಾಕ್ಸ್ ನೋಡಿ ಅಡ್ವಾನ್ಸ್ ಕೊಡಬಾರದು. ನಾವು ತಪ್ಪಿದ್ದು ಒಂದೇ ಕಡೆ. ತಾರಸಿ ಮೇಲೆ ಒಂದು ರೂಮಿತ್ತು, ಮಂಜೂರಾದ ಪ್ಲಾನಿನಲ್ಲಿ ಅದು ಇರಲಿಲ್ಲ. ನಾವು ಪ್ಲಾನ್ ಇಸ್ಕೊಂಡಿದ್ದೆವು, ಬಿಡಿಸಿ ನೋಡಿರಲಿಲ್ಲ. ಬ್ಯಾಂಕಿನ ವ್ಯಾಲ್ಯುಯರ್ ನೋಡಿದರು, ಆ ರೂಮಿಗೆ ಸೊನ್ನೆ ಬೆಲೆ ಹಾಕಿದರು, ಸಾಲ ನಾವು ಅಂದುಕೊಂಡಿದ್ದಕ್ಕಿಂತ ನಾಲ್ಕು ಲಕ್ಷ ಕಮ್ಮಿ ಬಂತು. ಆ ನಾಲ್ಕು ಲಕ್ಷಕ್ಕೆ ಚಿನ್ನ ಇಟ್ಟೆವು.

ಖರ್ಚಿನ ಅಂದಾಜು ಹಾಕುವಾಗ ಮನೆ ಬೆಲೆ ಒಂದನ್ನೇ ಹಾಕಬೇಡಿ. 45 ಲಕ್ಷ ದಾಟಿದರೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್ ಸೇರಿ ನಗರದಲ್ಲಿ ಶೇ 5.6, ನೋಂದಣಿ ಶುಲ್ಕ ಶೇ 2. ನಮ್ಮ 68 ಲಕ್ಷಕ್ಕೆ 5,16,800 ಆಯಿತು. ವಕೀಲರ ಫೀ, ಬ್ರೋಕರ್ ಕಮಿಷನ್ ಇದರ ಹೊರಗೆ. ಟಿಡಿಎಸ್ ಶೇ 1 ಮಾರುವವರ ದುಡ್ಡಲ್ಲೇ ಹಿಡಿಯುವುದು, ಆದರೆ ಕೊಳ್ಳುವವರು ಇಬ್ಬರು, ಮಾರುವವರು ಇಬ್ಬರು, ಹಾಗಾಗಿ 17,000ದ ನಾಲ್ಕು ಫಾರಂ ನಾನೇ ಕೂತು ತುಂಬಿದೆ. ಪ್ಯಾನ್ ನಂಬರ್ ಅದಲು ಬದಲಾದರೆ ಸರಿ ಮಾಡಿಸುವುದು ದೊಡ್ಡ ತಲೆನೋವು, ಎರಡೆರಡು ಸಲ ನೋಡಿ.

ಬಚ್ಚಲಿನ ಕೆಲಸ ನಾವು ಸೇರುವ ಮುಂಚೆಯೇ ಮಾಡಿಸಿದೆವು. ಮೇಸ್ತ್ರಿ ಟ್ರ್ಯಾಪ್ ಸುತ್ತ ಎರಡಡಿ ಟೈಲ್ಸ್ ಕಿತ್ತಾಗ ಕೆಳಗಿನ ಗಾರೆ ಕಾಫಿ ಗಸಿಯ ಹಾಗೆ ಕೈಗೆ ಬಂತು. ಟ್ರ್ಯಾಪ್ ತೆಗೆದು ಹೊಸದಾಗಿ ಕೂರಿಸಿ, ಗಾರೆ ಹಾಕಿ, ಅದು ಗಟ್ಟಿಯಾದ ಮೇಲೆ ನೆಲಕ್ಕೂ ಸುತ್ತ ಒಂದಡಿ ಗೋಡೆಗೂ ವಾಟರ್‌ಪ್ರೂಫ್ ಎರಡು ಕೋಟು ಹೊಡೆದರು. "ಸಂಜೆಗೆ ಟೈಲ್ಸ್ ಹಾಕ್ಬಿಡ್ತೀನಿ ಅಕ್ಕ" ಅಂದರು. ಬೇಡ, ಎರಡು ದಿನ ನೀರು ನಿಲ್ಲಿಸೋಣ ಅಂದೆ. ಅವರಿಗೆ ಬೇಸರ, ಎರಡು ದಿನ ಕೂಲಿ ಹೋಗುತ್ತದೆ ಅಲ್ವಾ, ಆ ಎರಡು ದಿನ ಮುಂದಿನ ಗೇಟಿಗೆ ರ್‍ಯಾಂಪ್ ಮಾಡಿಸಿದೆ. ಪೆನ್ಸಿಲ್ ಗೆರೆಯಿಂದ ನೀರು ಕದಲಲಿಲ್ಲ. ಆಮೇಲೆ ಟೈಲ್ಸ್. ಬೆಡ್‌ರೂಮಿನ ಗೋಡೆಯ ಹೊಸ ಬಣ್ಣವನ್ನೂ ಉದುರುತ್ತಿದ್ದ ಗಾರೆಯನ್ನೂ ಕೆರೆಸಿ ಹಾಗೇ ಬಿಟ್ಟೆವು, ಒಂದೂವರೆ ತಿಂಗಳು. ಒದ್ದೆ ಗೋಡೆಗೆ ಬಣ್ಣ ಹೊಡೆದರೆ ಒಳಗಿನ ನೀರು ಹೊರಗೆ ಬರುವಾಗ ಬಣ್ಣವನ್ನೂ ಕಿತ್ತುಕೊಂಡೇ ಬರುತ್ತದೆ. ನೋಡಲು ಅಸಹ್ಯವಾಗಿತ್ತು, ಗೃಹಪ್ರವೇಶಕ್ಕೆ ಬಂದವರೆಲ್ಲ ಕೇಳಿದರು. ಎಲ್ಲಾ ಸೇರಿ 38,000 ಆಯಿತು.

ಸೇರಿದ ಮೇಲಿನ ಚಿಕ್ಕಪುಟ್ಟ ಕೆಲಸ: ಖಾತೆ ನಮ್ಮ ಹೆಸರಿಗೆ, ಕರೆಂಟಿನ ಆರ್‌ಆರ್ ನಂಬರ್ ಮತ್ತು ನೀರಿನ ಕನೆಕ್ಷನ್ ಹೆಸರು ಬದಲಾವಣೆ. ಹಳೇ ಬಾಕಿ ಇಲ್ಲ ಅಂತ ರಿಜಿಸ್ಟ್ರೇಷನ್ ದಿನವೇ ಕೊನೆಯ ಬಿಲ್ ಇಸ್ಕೊಳ್ಳಿ. ಮೇನ್ ಸ್ವಿಚ್ ಬೋರ್ಡಿನಲ್ಲಿ ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್, ಅಂದರೆ ಆರ್‌ಸಿಸಿಬಿ ಇದ್ದರೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ನಮ್ಮದು ಒತ್ತಿದರೂ ಬೀಳಲಿಲ್ಲ, ಅದೇ ದಿನ ಬದಲಾಯಿಸಿದೆವು.

ಇಷ್ಟೆಲ್ಲ ಆಗಿ ಜನವರಿಯಲ್ಲಿ ಒಂದು ಬೆಳಿಗ್ಗೆ ಮೇಷ್ಟ್ರ ಫೋನು. ಸಂಪಿನಿಂದ ಮೇಲಿನ ಟ್ಯಾಂಕಿಗೆ ಹೋಗುವ ಪೈಪು ನೆಲದಡಿ ಎಲ್ಲಿ ಹೋಗಿದೆ ಅಂತ ಕೇಳಿದರು. ಹಿಂದಿನ ಅಂಗಳದಲ್ಲಿ ತೆಂಗಿನ ಸಸಿ ಹಾಕಲು ಗುಂಡಿ ತೋಡಿಸುತ್ತಿದ್ದರಂತೆ. ನಾನು ಕಣ್ಣು ಮುಚ್ಚಿಕೊಂಡು ಯೋಚಿಸಿದೆ. ಅಪ್ಪ ಆ ಪೈಪು ಹಾಕಿಸಿದಾಗ ನಾನು ಹೈಸ್ಕೂಲು, ಬಟ್ಟೆ ಒಗೆಯುವ ಕಲ್ಲಿನ ಎಡಗಡೆಯಿಂದ ಹೋಗಿತ್ತು, ಸೀದಾ ಹೋಗಿ ಅಡುಗೆಮನೆ ಕಿಟಕಿ ಕೆಳಗೆ ತಿರುಗಿತ್ತು. ಒಂದು ಹಾಳೆಯ ಮೇಲೆ ಬರೆದು ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದೆ. ಚರಂಡಿ ಲೈನಿನ ಚೇಂಬರ್ ಎಲ್ಲಿದೆ, ಅರ್ಥಿಂಗ್ ಗುಂಡಿ ಎಲ್ಲಿದೆ, ಅದನ್ನೂ ಗುರುತು ಮಾಡಿದೆ. ಮಾರಿದ ದಿನವೇ ಕೊಡಬೇಕಿತ್ತು, ಹೊಳೆದಿರಲಿಲ್ಲ.

ಮೇಷ್ಟ್ರು ಗುಂಡಿಯನ್ನು ನಾಲ್ಕಡಿ ಬಲಕ್ಕೆ ತೋಡಿಸಿದರು. ನಾನು ಅವತ್ತೇ ನಮಗೆ ಮನೆ ಮಾರಿದ ದಂಪತಿಗೆ ಫೋನ್ ಮಾಡಿ ನಮ್ಮ ಮನೆಯ ಅರ್ಥಿಂಗ್ ಗುಂಡಿ ಎಲ್ಲಿ ಅಂತ ಕೇಳಿದೆ. ಅವರು ಹೊಸ ಪಾರ್ಕಿಂಗ್ ಟೈಲ್ಸ್ ಹಾಕಿಸುವಾಗ ಅದರ ಮೇಲೇ ಹಾಕಿಸಿಬಿಟ್ಟಿದ್ದಾರೆ. ಗೇಟಿನಿಂದ ಮೂರನೇ ಸಾಲೋ ನಾಲ್ಕನೆಯದೋ, ಅವರಿಗೂ ಸರಿಯಾಗಿ ನೆನಪಿಲ್ಲ. ಮುಂದಿನ ಭಾನುವಾರ ಎಲೆಕ್ಟ್ರಿಷಿಯನ್ ಬರುತ್ತಾರೆ, ಎರಡೂ ಸಾಲು ಎಬ್ಬಿಸಬೇಕು.